ಊರಿನ ನೀರಿನ ತಕರಾರನ್ನು ಪಕ್ಷದ ಬೂತ್ ಸಮಿತಿ ಕೈಗೆತ್ತಿಕೊಳ್ಳುವ ಕ್ರಮ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಆದರೂ ಯಾವ ಸದಸ್ಯ ಯಾವ ಪಕ್ಷದ ಕಡೆಯವರೆಂಬುದು ಊರಿನ ಮಕ್ಕಳಿಗೂ ಗೊತ್ತಿರುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಗ್ರಾಮ ಪಂಚಾಯಿತಿಗೂ ಶಾಸಕರಿಗೂ ನಡುವೆ ಜನ ಹೋಗಿ ಕೇಳಬಹುದಾದ ಚುನಾಯಿತ ಪ್ರತಿನಿಧಿಗಳೇ ಇಲ್ಲದಂತಾಯಿತು. ಇಂಥ ಹೊತ್ತಿನಲ್ಲಿ ಅಹವಾಲು ಹೊತ್ತು ಓಡಾಡುವ ಕೆಲಸ ಸಹಜವಾಗಿಯೇ ಪಕ್ಷಗಳ ಬೂತ್ ಮಟ್ಟದ ಕಾರ್ಯಕರ್ತರ ಹೆಗಲಿಗೆ ಬೀಳುತ್ತದೆ. ಯಾವ ಪಕ್ಷದವರಾದರೂ ಸರಿ, ಈ ಕೆಲಸವನ್ನು ಹೇಗೆ ಹಿಡಿಯಬೇಕೆಂಬುದನ್ನು ಕುಡಿಯುವ ನೀರಿನ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಿ. ರಸ್ತೆ, ಚರಂಡಿ, ಬೀದಿದೀಪ, ಸ್ಮಶಾನ, ನೀರು ಎಲ್ಲವನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಅದು ಯಾವ ಅಧಿಕಾರಿಯ ಮೇಜಿನ ಮೇಲೂ ನಿಲ್ಲದೆ ಇಲಾಖೆಯಿಂದ ಇಲಾಖೆಗೆ ಅಲೆಯುತ್ತದೆ. ಸಮಸ್ಯೆ ಆರಿಸಿದ ಮೇಲೆ ಇಬ್ಬರು, ಅವರಲ್ಲಿ ಒಬ್ಬರಾದರೂ ಮಹಿಳೆ, ಒಂದು ನೋಟ್‌ಬುಕ್ ಹಿಡಿದು ಸಂಜೆಯ ಹೊತ್ತು ಮನೆಮನೆಗೆ ಹೋಗಬೇಕು. ಎದುರು ಪಕ್ಷಕ್ಕೆ ಮತ ಹಾಕುವ ಮನೆಗಳನ್ನು ಬಿಡಬಾರದು. ಆ ಮನೆಗಳನ್ನು ಬಿಟ್ಟು ಮಾಡಿದ ಪಟ್ಟಿ ಪಂಚಾಯಿತಿ ಕಚೇರಿ ತಲುಪುವ ಮೊದಲೇ 'ಅವರ ಪಾರ್ಟಿಯವರ ಗಲಾಟೆ' ಎನ್ನಿಸಿಕೊಳ್ಳುತ್ತದೆ. ಕೊರಳಲ್ಲಿ ಪಕ್ಷದ ಶಾಲು ಇಲ್ಲದಿದ್ದರೆ ಜನ ಹೆಚ್ಚು ಮಾತನಾಡುತ್ತಾರೆ.

ನೋಟ್‌ಬುಕ್‌ನಲ್ಲಿ ದೂರುಗಳಿಗಿಂತ ಅಳತೆಗಳು ಹೆಚ್ಚಿರಬೇಕು, ಏಕೆಂದರೆ ಇಡೀ ಕೆಲಸ ನಿಲ್ಲುವುದು ಈ ಹಂತದ ಮೇಲೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿದೆ. ಐದು ಜನರ ಮನೆಗೆ ಅದು 275 ಲೀಟರ್ ಆಗುತ್ತದೆ. ಊರಿನಲ್ಲಿ ಬಳಸುವ ಪ್ಲಾಸ್ಟಿಕ್ ಕೊಡ ಎಷ್ಟು ಲೀಟರ್ ಹಿಡಿಯುತ್ತದೆಂದು ಒಮ್ಮೆ ಅಳೆದು, ನಲ್ಲಿಯ ಕೆಳಗೆ ಅದು ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ, ನೀರು ಎಷ್ಟು ಹೊತ್ತು ಬರುತ್ತದೆ, ವಾರದಲ್ಲಿ ಎಷ್ಟು ದಿನ ಬರುತ್ತದೆ ಎಂಬುದನ್ನು ಬೀದಿವಾರು ಬರೆದಿಡಿ. ಟ್ಯಾಂಕಿನ ಹತ್ತಿರದ ಬೀದಿಗೂ ಕೊನೆಯ ಬೀದಿಗೂ ಇರುವ ವ್ಯತ್ಯಾಸ ಆಗ ತಾನಾಗಿ ಕಾಣುತ್ತದೆ, ಮತ್ತು ಬಹಳ ಊರುಗಳಲ್ಲಿ ಆ ಕೊನೆಯ ಬೀದಿ ಯಾರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಲ್ವ್ ತಿರುಗಿಸುವ ನೀರಗಂಟಿಯ ಜೊತೆ ಜಗಳವಾಡುವ ಬದಲು ಅವರನ್ನು ಕೂರಿಸಿಕೊಂಡು ಕೇಳಿ. ಮೋಟಾರು ಎಷ್ಟು ಸಲ ಸುಟ್ಟಿದೆ, ಕರೆಂಟು ಯಾವಾಗ ಇರುತ್ತದೆ, ಕೊಳವೆಬಾವಿಯ ನೀರು ಎಲ್ಲಿಗೆ ಇಳಿದಿದೆ ಎಂಬುದು ಎಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಅಳತೆಯಿಂದ ಶುರುವಾದ ಹೋರಾಟಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ ತಕರಾರಿನ ಮೂಲದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ರೈತರು ಸಂಘಟಿತರಾದರು, ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ವಿಧಾನಸಭೆಗೆ ಆಯ್ಕೆಯಾದದ್ದು ಆಮೇಲೆ, 1952ರಲ್ಲಿ. ಇಂದಿನ ಬೂತ್ ಸಮಿತಿಗಳಲ್ಲಿ ಈ ಕ್ರಮ ತಲೆಕೆಳಗಾಗಿ, ಮೊದಲು ಟಿಕೆಟ್ಟಿನ ಲೆಕ್ಕಾಚಾರ ನಡೆಯುವುದೇ ಹೆಚ್ಚು.

ಅಳತೆ ಕೈಯಲ್ಲಿದ್ದ ಮೇಲೆ ಹೊಣೆ ಯಾರದೆಂದು ಗುರುತಿಸಿ. ಮೋಟಾರು ರಿಪೇರಿ, ಊರೊಳಗಿನ ಪೈಪು, ನೀರು ಬಿಡುವ ಸರದಿ ಪಂಚಾಯಿತಿಗೆ ಸೇರಿದ್ದು. ಹೊಸ ಯೋಜನೆಯ ಕಾಮಗಾರಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ. ವೋಲ್ಟೇಜು ಸಾಲದಿದ್ದರೆ ವಿದ್ಯುತ್ ಕಂಪನಿಗೆ. ಮನವಿ ಪತ್ರ ಒಂದು ಪುಟ ಮೀರದಿರಲಿ, ಅಳತೆಯ ಪಟ್ಟಿ ಲಗತ್ತಾಗಿರಲಿ, ಸಹಿಗಳಲ್ಲಿ ಎಲ್ಲ ಬೀದಿಗಳವರೂ ಇರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬಾರದು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ತೆಗೆಸಿಕೊಂಡ ಫೋಟೊ ಸ್ಟೇಟಸ್ಸಿಗೆ ಹಾಕಲು ಆದೀತು, ಮುಂದಿನ ಮೇಲ್ಮನವಿಗೆ ಬೇಕಾಗುವುದು ಆ ಮೊಹರು.

ವಾರ್ಡ್ ಸಭೆ ಮತ್ತು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂಬುದು 1993ರ ಪಂಚಾಯತ್ ರಾಜ್ ಕಾಯ್ದೆಯ ನಿಯಮ. ಕಾರ್ಯಕರ್ತರು ಅಲ್ಲಿ ತಾವೇ ಎದ್ದು ಭಾಷಣ ಮಾಡುವುದಕ್ಕಿಂತ, ಕೊನೆಯ ಬೀದಿಯ ಹೆಣ್ಣುಮಕ್ಕಳನ್ನು ಕರೆತಂದು ಅವರೇ ಅಳತೆ ಓದುವಂತೆ ನೋಡಿಕೊಳ್ಳಬೇಕು. ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ಓದಿಸಿ, ಅನಂತರವೇ ಸಹಿ ಹಾಕಿ. ಖಾಲಿ ಹಾಳೆಯ ಮೇಲೆ ಹಾಜರಾತಿ ಸಹಿ ಪಡೆದು ನಡಾವಳಿಯನ್ನು ಆಮೇಲೆ ತುಂಬುವ ಪದ್ಧತಿ ಕಂಡರೆ ಅಲ್ಲೇ ತಡೆಯಿರಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯಬೇಕಾದ ಜಮಾಬಂದಿಯೂ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಸಭೆಯೂ, ನೀರಿನ ಖರ್ಚಿನ ಲೆಕ್ಕ ಕೇಳಲು ಒಳ್ಳೆಯ ಸಂದರ್ಭ.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಈ ಹಕ್ಕು ನಾಗರಿಕರದ್ದಾದ್ದರಿಂದ ಪಕ್ಷದ ಲೆಟರ್‌ಹೆಡ್ ಬಳಸದೆ ಒಬ್ಬರ ಸ್ವಂತ ಹೆಸರಿನಲ್ಲಿ ಬರೆಯಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದ ಮೀರದಂತಿರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 'ನೀರು ಯಾಕೆ ಬರುತ್ತಿಲ್ಲ' ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಕಳೆದ ವರ್ಷದ ಮೋಟಾರು ರಿಪೇರಿಯ ಬಿಲ್ಲು, ವೋಚರ್, ಕಾಮಗಾರಿಯ ಅಳತೆಯನ್ನು ಎಂಜಿನಿಯರು ದಾಖಲಿಸುವ ಅಳತೆ ಪುಸ್ತಕದ ಪ್ರತಿ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. 30 ದಿನದಲ್ಲಿ ಮಾಹಿತಿ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನದ ಅವಕಾಶವಿದೆ.

ಧರಣಿ ಇಷ್ಟೆಲ್ಲ ಆದ ಮೇಲಿನ ಮಾತು. ಪೊಲೀಸ್ ಠಾಣೆಗೆ ಮುಂಚಿತವಾಗಿ ಬರೆದುಕೊಟ್ಟು ಅನುಮತಿ ಪಡೆಯಿರಿ, ಬೇಡಿಕೆಯನ್ನು ಒಂದಕ್ಕೆ ಇಳಿಸಿ, ಬಂದು ಮನವಿ ಸ್ವೀಕರಿಸುವ ಅಧಿಕಾರಿಯಿಂದ ಬರವಣಿಗೆಯಲ್ಲಿ ದಿನಾಂಕ ಕೇಳಿ. ಖಾಲಿ ಕೊಡದ ಪ್ರದರ್ಶನ ಪತ್ರಿಕೆಯ ಜಿಲ್ಲಾ ಪುಟಕ್ಕೆ ಒಪ್ಪುತ್ತದೆ ನಿಜ, ಆದರೆ ವರದಿಗಾರರ ಕೈಗೆ ಅಳತೆಯ ಪಟ್ಟಿಯನ್ನೂ ಕೊಡಿ. ನೀರು ಬಂದ ದಿನ ಫ್ಲೆಕ್ಸ್ ಕಟ್ಟುವ ಆಸೆಯನ್ನು ಹತ್ತಿಕ್ಕಿಕೊಳ್ಳುವುದು ಲೇಸು. ಅನುಮತಿಯಿಲ್ಲದ ಫ್ಲೆಕ್ಸ್ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅಪರಾಧವೂ ಆಗಬಹುದು. 1980ರ ದಶಕದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿದ ಸಚಿವ ಅಬ್ದುಲ್ ನಜೀರ್ ಸಾಬರಿಗೆ 'ನೀರ್ ಸಾಬ್' ಎಂಬ ಹೆಸರು ಬಂದದ್ದು ಫ್ಲೆಕ್ಸಿನಿಂದಲ್ಲ, ಜನರ ಬಾಯಿಂದ.

ಕೊನೆಯದಾಗಿ, ಎಲ್ಲಕ್ಕಿಂತ ಕಠಿಣವಾದ ಸಂದರ್ಭ: ಅರೆಬರೆ ಪೈಪ್‌ಲೈನ್ ಹಾಕಿ ಬಿಲ್ಲು ಪಡೆದ ಗುತ್ತಿಗೆದಾರ ನಿಮ್ಮದೇ ಪಕ್ಷದವರಾಗಿರುವುದು. ಆಗ ಪಕ್ಷದ ತಾಲ್ಲೂಕು ಅಧ್ಯಕ್ಷರಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಉತ್ತರಕ್ಕೆ ಒಂದು ಗಡುವು ಕೊಟ್ಟು, ಗಡುವು ಮೀರಿದರೆ ಅದೇ ನೋಟ್‌ಬುಕ್ಕನ್ನು ಊರಿನವರ ಕೈಗೆ ಒಪ್ಪಿಸಿ ಗ್ರಾಮಸಭೆಯಲ್ಲಿ ಅವರ ಜೊತೆ ಕುಳಿತುಕೊಳ್ಳಿ.