ಕಾಯಿಹಾಲಿನ ಹುಡಿಗೆ ನಾಝಲ್ ಆರಿಸುವುದು ಹೇಗೆ?

ಕಾಸರಗೋಡಿನಂತಹ ತೆಂಗಿನ ಊರಿನಲ್ಲಿ ಕಾಯಿಹಾಲಿನ ಹುಡಿಯ ಘಟಕ ಹಾಕಲು ಹೊರಟವರು ಸ್ಪ್ರೇ ಡ್ರೈಯರಿನ (ದ್ರವವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಹುಡಿ ಮಾಡುವ ಯಂತ್ರ) ಹೀಟರ್, ಬ್ಲೋವರ್ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ದ್ರವವನ್ನು ಹನಿಯಾಗಿ ಒಡೆಯುವ ನಾಝಲ್ ಮಾತ್ರ ಯಂತ್ರದ ಜತೆ ಬಂದದ್ದೇ ಆಗಿರುತ್ತದೆ. ಹುಡಿ ಹಗುರವೋ ಗಟ್ಟಿಯೋ, ನೀರಿಗೆ ಹಾಕಿದರೆ ಕರಗುತ್ತದೋ ಗಂಟು ಕಟ್ಟುತ್ತದೋ ಎಂಬುದರಲ್ಲಿ ದೊಡ್ಡ ಪಾಲು ಆ ಬೆರಳುದ್ದದ ಸಾಮಾನಿನದ್ದು. ಹಾಗಾಗಿ ಕೊಳ್ಳುವ ಮೊದಲು ಒಂದಷ್ಟು ಲೆಕ್ಕ ಹಾಕಲೇಬೇಕು.

ಮೊದಲು ನೀರಿನ ಲೆಕ್ಕ. ಡ್ರೈಯರಿನ ಸಾಮರ್ಥ್ಯವೆಂದರೆ ಗಂಟೆಗೆ ಅದು ಎಷ್ಟು ನೀರು ಆವಿ ಮಾಡುತ್ತದೆ ಎಂಬುದು. ಶೇ 30 ಘನಾಂಶವಿರುವ 100 ಕಿಲೋ ಮಿಶ್ರಣದಿಂದ ಶೇ 4 ತೇವಾಂಶದ ಹುಡಿ ಸುಮಾರು 31 ಕಿಲೋ ಸಿಗುತ್ತದೆ, ಉಳಿದ 69 ಕಿಲೋ ನೀರು ಹಾರಿಹೋಗಬೇಕು. ಗಂಟೆಗೆ 50 ಕಿಲೋ ನೀರು ಆರಿಸುವ ಯಂತ್ರಕ್ಕೆ ಹಾಗಾದರೆ 73 ಕಿಲೋಕ್ಕಿಂತ ಹೆಚ್ಚು ಮಿಶ್ರಣ ಬಿಡುವಂತಿಲ್ಲ. ನಿಮ್ಮ ನಾಝಲ್ ಕೊಡಬೇಕಾದದ್ದು ನಿಮಿಷಕ್ಕೆ 1.2 ಕಿಲೋ, ಅಷ್ಟೇ.

ಅನಂತರ ಜಾತಿ. ಇರುವುದು ಮುಖ್ಯವಾಗಿ ಮೂರು. ಪ್ರೆಶರ್ ನಾಝಲ್‌ನಲ್ಲಿ ಪಂಪು ದ್ರವವನ್ನು 100 ಬಾರ್ ಆಸುಪಾಸಿನ ಒತ್ತಡದಲ್ಲಿ ಸಣ್ಣ ತೂತಿನಿಂದ ಹೊರನೂಕುತ್ತದೆ. ಹುಡಿಯಲ್ಲಿ ಗಾಳಿ ಕಡಿಮೆ, ತೂಕ ಚೆನ್ನಾಗಿ ಬರುತ್ತದೆ, ಆದರೆ ಹನಿ ಒಣಗುವ ಚೇಂಬರ್ ಎತ್ತರವಿರಬೇಕು. ಕಂಪ್ರೆಸರ್ ಗಾಳಿಯಿಂದ ದ್ರವವನ್ನು ಒಡೆಯುವ ಟೂ-ಫ್ಲೂಯಿಡ್ ನಾಝಲ್ ಚಿಕ್ಕ ಯಂತ್ರಕ್ಕೂ ಒಗ್ಗುತ್ತದೆ, ಬೇಗ ಕಟ್ಟಿಕೊಳ್ಳುವುದಿಲ್ಲ. ಆದರೆ ಹುಡಿ ತೀರಾ ನಯ, ಕರೆಂಟು ಬಿಲ್ಲು ಭಾರ. ಮೂರನೆಯದು ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗುವ ಚಕ್ರ. ಅದು ಹನಿಗಳನ್ನು ಅಡ್ಡಕ್ಕೆ ಎಸೆಯುವುದರಿಂದ ಚೇಂಬರ್ ಅಗಲವಿರಬೇಕು.

ಪ್ರಯೋಗದ ಹಂತದಲ್ಲಿರುವವರಿಗೆ ಟೂ-ಫ್ಲೂಯಿಡ್ ಸಾಕು ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಓಡಿಸುವಾಗ ಕಂಪ್ರೆಸರ್ ಖರ್ಚು ಲಾಭವನ್ನು ತಿಂದುಬಿಡುತ್ತದೆ. ಗಿಡ್ಡ ಚೇಂಬರಿಗೆ ಮಾತ್ರ ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಪ್ರೆಶರ್ ನಾಝಲ್ ಬೇಡ. ಅದರ ಹನಿ ದೊಡ್ಡದು. ಹನಿಯ ಅಗಲ ಇಮ್ಮಡಿಯಾದರೆ ಅದರೊಳಗಿನ ನೀರು ಎಂಟು ಪಟ್ಟಾಗುತ್ತದೆ, ಆರಲು ನಾಲ್ಕು ಪಟ್ಟು ಹೊತ್ತು ಬೇಕು. ಅಷ್ಟರೊಳಗೆ ಗೋಡೆಗೆ ಬಡಿದರೆ ಅಲ್ಲೇ ಅಂಟಿ ಕಂದಾಗುತ್ತದೆ. ಕಾಯಿಹಾಲಿನಲ್ಲಿ ಕೊಬ್ಬೂ ಹೆಚ್ಚು. ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಹುಡಿ), ಸೋಡಿಯಂ ಕೇಸಿನೇಟ್ (ಹಾಲಿನ ಪ್ರೋಟೀನ್) ಸೇರಿಸಿ ಹೋಮೋಜಿನೈಸ್ (ಕೊಬ್ಬನ್ನು ನುಣ್ಣಗೆ ಒಡೆದು ಬೆರೆಸುವುದು) ಮಾಡದ ಹಾಲಿಗೆ ಎಂಥ ನಾಝಲ್ ಹಾಕಿದರೂ ಹುಡಿ ಜಿಡ್ಡಾಗಿಯೇ ಬೀಳುತ್ತದೆ.

ಪ್ರೆಶರ್ ನಾಝಲ್ ತೆಗೆದುಕೊಳ್ಳುವವರು ಒತ್ತಡದ ಚಾರ್ಟ್ ಕೇಳಿ ಪಡೆಯಿರಿ. 100 ಬಾರ್‌ನಲ್ಲಿ ಗಂಟೆಗೆ 70 ಲೀಟರ್ ಬಿಡುವ ತೂತು 200 ಬಾರ್‌ನಲ್ಲಿ 140 ಬಿಡುವುದಿಲ್ಲ, ಸುಮಾರು 99 ಮಾತ್ರ. ಇಮ್ಮಡಿ ಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ಉತ್ಪಾದನೆ ಹೆಚ್ಚಿಸಲು ಪಂಪನ್ನು ಹಿಂಡುವುದಕ್ಕಿಂತ ದೊಡ್ಡ ತೂತಿನದು ಹಾಕುವುದೇ ಸರಿ. ಇಷ್ಟು ಕಡಿಮೆ ಹರಿವಿಗೆ ತೂತು ಒಂದು ಮಿಲಿಮೀಟರಿಗಿಂತ ಚಿಕ್ಕದಿರುತ್ತದೆ. ತೆಂಗಿನ ಒಂದು ನಾರು ಸಿಕ್ಕಿದರೂ ಸಿಂಪಡಣೆ ಓರೆಯಾಗುತ್ತದೆ. ಪಂಪಿನ ಮೊದಲೊಂದು, ನಾಝಲ್ ಹತ್ತಿರವೊಂದು ಫಿಲ್ಟರ್ ಇರಲಿ. ಅದರ ಕಣ್ಣು ತೂತಿನ ಅರ್ಧಕ್ಕಿಂತ ಸಣ್ಣದಿರಬೇಕು.

ಕೂಡಿಸುವ ಮೊದಲು ಬರೀ ನೀರಿನಲ್ಲಿ ನೋಡಿ. ಬಾಲ್ದಿಯ ಮೇಲೆ ಮುಚ್ಚಳ ಹಾಕಿ, ಒಂದು ನಿಮಿಷ ಬಿಟ್ಟು, ಬಿದ್ದ ನೀರನ್ನು ತೂಗಿ ಬರೆದಿಡಿ. ಎಸೆತದ ಶಂಕು ಸುತ್ತಲೂ ಒಂದೇ ಸಮ ಇರಬೇಕು, ನಡುವೆ ಗೆರೆ ಕಾಣಬಾರದು. ಕೈ ಅಡ್ಡ ಹಿಡಿದು ಪರೀಕ್ಷಿಸಬೇಡಿ, ಆ ಒತ್ತಡದ ನೀರು ಚರ್ಮ ಸೀಳಿ ಒಳಹೊಗುತ್ತದೆ. ಆಗಾಗ ಇದೇ ಪರೀಕ್ಷೆ ಮಾಡುತ್ತಾ ಬನ್ನಿ. ಅದೇ ಒತ್ತಡದಲ್ಲಿ ನೀರು ಶೇ 10ರಷ್ಟು ಹೆಚ್ಚು ಬಂದರೆ ತೂತು ಸವೆದಿದೆ, ಒಳಗಿನ ಬಿಲ್ಲೆ ಬದಲಿಸಿ. ಬಿಲ್ಲೆ ಟಂಗ್‌ಸ್ಟನ್ ಕಾರ್ಬೈಡ್‌ನದ್ದಾದರೆ ಬಾಳಿಕೆ ಹೆಚ್ಚು.

ಕಟ್ಟಿಕೊಂಡರೆ ಪಿನ್ನು, ತಂತಿ ತೂರಿಸಬೇಡಿ. ಒಂದು ಗೀರು ಬಿದ್ದರೂ ಹನಿ ಕೆಡುತ್ತದೆ. ಬಿಸಿನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಕೆಲಸ ಶುರು ಮಾಡುವಾಗಲೂ ಮುಗಿಸುವಾಗಲೂ ನಾಝಲ್‌ನಲ್ಲಿ ನೀರು ಓಡಲಿ. ಹರಿವು ನಿಲ್ಲಿಸಿ ಬಿಸಿ ಚೇಂಬರಿನಲ್ಲೇ ಬಿಟ್ಟರೆ ಒಳಗಿನ ಹಾಲು ಸುಟ್ಟು ಗಟ್ಟಿಯಾಗುತ್ತದೆ. ಕರೆಂಟು ಹೋದರೆ ನಾಝಲ್ ಲ್ಯಾನ್ಸನ್ನು (ನಾಝಲ್ ಕೂಡಿಸಿದ ಉದ್ದ ಕೊಳವೆ) ಕೂಡಲೇ ಹೊರಗೆ ಎಳೆಯುವುದನ್ನು ಕೆಲಸದವರಿಗೆಲ್ಲ ಮೊದಲೇ ಕಲಿಸಿಡಿ.