ಹಳೆಯ ಮ್ಯಾಮೊಗ್ರಾಂ ಪಕ್ಕದಲ್ಲಿಟ್ಟು ಹೊಸದನ್ನು ನೋಡುವುದು ಹೇಗೆ

ಸ್ತನದ ಎಕ್ಸ್-ರೇ ಚಿತ್ರವಾದ ಮ್ಯಾಮೊಗ್ರಾಂನಲ್ಲಿ ಮೂರು ವರ್ಷದಿಂದ ಅಷ್ಟೇ ಇರುವ ನೆರಳಿಗೂ ಈ ವರ್ಷ ಹೊಸದಾಗಿ ಕಂಡ ನೆರಳಿಗೂ ಅಜಗಜಾಂತರ. ಹಳೆಯ ಚಿತ್ರ ಕೈಯಲ್ಲಿಲ್ಲದಿದ್ದರೆ ರೇಡಿಯಾಲಜಿಸ್ಟರಿಗೆ ಎರಡೂ ಒಂದೇ. ಕೊಡಗಿನವರ ಪರೀಕ್ಷೆಗಳು ಮಡಿಕೇರಿ, ಮೈಸೂರು, ಮಂಗಳೂರು ಎಂದು ಹಂಚಿಹೋಗಿರುವುದೇ ಹೆಚ್ಚು. ಹಾಗಾಗಿ ಚಿತ್ರಗಳನ್ನು ಒಟ್ಟುಗೂಡಿಸಿ ಒಯ್ಯುವ ಕೆಲಸ ಮನೆಯವರದೇ ಎಂದಿಟ್ಟುಕೊಳ್ಳಿ.

ಪರೀಕ್ಷೆ ಮುಗಿದ ದಿನವೇ ಚಿತ್ರಗಳನ್ನು ಡೈಕಾಮ್ ರೂಪದಲ್ಲಿ (ಆಸ್ಪತ್ರೆ ಯಂತ್ರದ ಮೂಲ ಡಿಜಿಟಲ್ ಕಡತ) ಸಿ.ಡಿ.ಗೋ ಪೆನ್‌ಡ್ರೈವ್‌ಗೋ ಹಾಕಿಸಿಕೊಳ್ಳಿ. ಫಿಲ್ಮನ್ನು ಮೊಬೈಲಿನಲ್ಲಿ ಫೋಟೋ ಹಿಡಿದು ವಾಟ್ಸಾಪ್‌ನಲ್ಲಿ ಕಳಿಸಿದರೆ ಪ್ರಯೋಜನವಿಲ್ಲ. ಅರ್ಧ ಮಿಲಿಮೀಟರಿಗಿಂತ ಚಿಕ್ಕ ಸುಣ್ಣದ ಕಣಗಳು ಅದರಲ್ಲಿ ಅಳಿಸಿಹೋಗುತ್ತವೆ, ನೋಡಬೇಕಾದದ್ದೇ ಅವು. ಫಿಲ್ಮ್ ಮಾತ್ರ ಇದ್ದರೆ ಮಡಚಬೇಡಿ. ಕಕ್ಕಡ ತಿಂಗಳ ಮಳೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಫಿಲ್ಮ್‌ಗಳು ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಕಿತ್ತುಬರುತ್ತವೆ. ನಡುವೆ ಕಾಗದ ಇಟ್ಟು, ಗೋಡೆಗೆ ತಾಗದಂತೆ ಬೀರುವಿನಲ್ಲಿ ನಿಲ್ಲಿಸಿಡಿ. ಒಲೆಯ ಮೇಲಿನ ಅಟ್ಟ ಬೇಡ, ಶಾಖಕ್ಕೆ ಸುರುಳಿಯಾಗುತ್ತವೆ.

ಸಾಮಾನ್ಯವಾಗಿ ಒಂದು ಸ್ತನಕ್ಕೆ ಎರಡು ಚಿತ್ರ: ಮೇಲಿನಿಂದ ಕೆಳಕ್ಕೆ ತೆಗೆದ ಸಿ.ಸಿ., ಓರೆಯಾಗಿ ತೆಗೆದ ಎಂ.ಎಲ್.ಓ. ಹೋಲಿಸುವಾಗ ಬಲದ ಸಿ.ಸಿ.ಗೆ ಹಳೆಯ ಬಲದ ಸಿ.ಸಿ.ಯೇ ಜೋಡಿ. ಕಳೆದ ವರ್ಷದ್ದೊಂದೇ ಸಾಲದು. ನಿಧಾನವಾಗಿ ಬೆಳೆಯುವ ಗಂಟು ಒಂದು ವರ್ಷದಲ್ಲಿ ಕಣ್ಣಿಗೆ ಬೀಳುವಷ್ಟು ಬದಲಾಗದೆ ಇರಬಹುದು. ಎರಡು-ಮೂರು ವರ್ಷ ಹಿಂದಿನದರ ಪಕ್ಕ ಇಟ್ಟಾಗ ಎದ್ದು ಕಾಣುತ್ತದೆ.

ಮೊದಲು ನೋಡಬೇಕಾದದ್ದು ಎರಡೂ ಸಲ ಸರಿಯಾಗಿ ತೆಗೆದಿದ್ದಾರೆಯೇ ಎಂಬುದನ್ನು. ಎಂ.ಎಲ್.ಓ.ದಲ್ಲಿ ಎದೆಯ ಸ್ನಾಯು ತೊಟ್ಟಿನ ಮಟ್ಟದವರೆಗೆ ಇಳಿದಿರಬೇಕು. ತೊಟ್ಟಿನಿಂದ ಆ ಸ್ನಾಯುವಿಗೆ ಲಂಬವಾಗಿ ಎಳೆದ ಗೆರೆಯ ಅಳತೆಗೂ, ಸಿ.ಸಿ.ಯಲ್ಲಿ ತೊಟ್ಟಿನಿಂದ ಚಿತ್ರದ ಹಿಂಬದಿಯ ಅಂಚಿನವರೆಗಿನ ಅಳತೆಗೂ 1 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಹಿಂಭಾಗ ಚಿತ್ರದಲ್ಲಿ ಬಂದೇ ಇಲ್ಲದಿರಬಹುದು; ಆಗ ‘ಹೊಸ’ ಗಂಟು ಹಳೆಯದೇ ಆಗಿರಬಹುದು. ಯಂತ್ರದಲ್ಲಿ ಸ್ತನವನ್ನು ಒತ್ತಿದ್ದು ಕಡಿಮೆಯಾದರೂ ಮಾಮೂಲಿ ಅಂಗಾಂಶ ಒಂದರ ಮೇಲೊಂದು ಬಿದ್ದು ಗಂಟಿನಂತೆ ತೋರುತ್ತದೆ. ಕಂಕುಳಿಗೆ ಹಚ್ಚಿದ ಪೌಡರ್, ಡಿಯೋಡರೆಂಟ್ ಸುಣ್ಣದ ಕಣಗಳಂತೆಯೇ ಬೆಳ್ಳಗೆ ಕಾಣುವುದರಿಂದ ಆ ದಿನ ಅವು ಬೇಡ.

ಆಮೇಲೆ ಹೊಸ ನೆರಳು, ದೊಡ್ಡದಾದ ಗಂಟು, ಸಂಖ್ಯೆ ಹೆಚ್ಚಿದ ಕಣಗಳ ಗುಂಪು, ಒಂದೆಡೆಗೆ ಎಳೆದಂತಾದ ಎಳೆಗಳು. ವಯಸ್ಸಾದಂತೆ ಸ್ತನದಲ್ಲಿ ಕೊಬ್ಬು ಹೆಚ್ಚಿ ಚಿತ್ರ ಕಪ್ಪಾಗುವುದು ಸಹಜ. ಮುಟ್ಟು ನಿಂತ ಮೇಲೆ ಒಂದೇ ಕಡೆ ಬಿಳಿ ಹೆಚ್ಚಿದರೆ ಬಿಡುವಂತಿಲ್ಲ. ಹಾರ್ಮೋನ್ ಮಾತ್ರೆ, ತೂಕ ಇಳಿದದ್ದು, ಹಿಂದಿನ ಆಪರೇಷನ್ ಯಾವ ಬದಿ, ಯಾವ ವರ್ಷ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ.

ರಿಪೋರ್ಟಿನಲ್ಲಿ ‘ಬೈರಾಡ್ಸ್ 0’ (ಬೈರಾಡ್ಸ್ ಎಂದರೆ ಮ್ಯಾಮೊಗ್ರಾಂ ಫಲಿತಾಂಶಕ್ಕೆ ಕೊಡುವ ದರ್ಜೆ) ಎಂದಿದ್ದರೆ ಗಾಬರಿ ಬೇಡ. ಪರೀಕ್ಷೆ ಇನ್ನೂ ಪೂರ್ಣವಾಗಿಲ್ಲ ಎಂದರ್ಥ. ಹಳೆಯ ಚಿತ್ರ ಸಿಕ್ಕರೆ ಅಷ್ಟಕ್ಕೇ ಮುಗಿಯುವುದೂ ಉಂಟು. ‘3’ ಎಂದರೆ ಬಹುತೇಕ ಕ್ಯಾನ್ಸರ್ ಅಲ್ಲದ್ದು; ಸಾಮಾನ್ಯವಾಗಿ 6, 12, 24 ತಿಂಗಳಿಗೆ ಮತ್ತೆ ನೋಡುತ್ತಾರೆ. ಆರನೇ ತಿಂಗಳು ಕಾಫಿ ಕೊಯ್ಲಿನ ನಡುವೆ ಬಂದರೂ ಮುಂದೂಡಬೇಡಿ. ಕೈಗೆ ಗಂಟು ಸಿಗುತ್ತಿದ್ದರಂತೂ, ಚಿತ್ರ ಬದಲಾಗಿಲ್ಲವೆಂದು ಸುಮ್ಮನಿರದೆ ಅಲ್ಟ್ರಾಸೌಂಡ್ ಮಾಡಿಸಿ, ಸರ್ಜನ್‌ರಿಗೆ ತೋರಿಸಿ.