ಥರ್ಮಾಮೀಟರ್‌ನಲ್ಲಿ ಕಾಣದ ಆ 0.8 ಡಿಗ್ರಿ

ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಮನೆಯಲ್ಲೇ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಶಾಖ ಬಿಡುವ ಕ್ರಿಯೆಯ ಗ್ರಾಫ್ ನೋಡಿ ತಾಪಮಾನ ಎಷ್ಟು ಏರಿತು ಅಂತ ಕೇಳಿದರೆ ಮಕ್ಕಳು ಅತಿ ಹೆಚ್ಚಿನ ರೀಡಿಂಗ್‌ನಿಂದ ಮೊದಲ ರೀಡಿಂಗ್ ಕಳೆದುಬಿಡುತ್ತಾರೆ. ನಾವು ಓದುವಾಗಲೂ ಹಾಗೇ ಮಾಡುತ್ತಿದ್ದೆವು. ಉತ್ತರ ಪ್ರತಿ ಸಲ ಪುಸ್ತಕದ ಸಂಖ್ಯೆಗಿಂತ ಕಡಿಮೆ. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಡಿಸೆಂಬರ್ ರಜೆಯಲ್ಲಿ ಮಕ್ಕಳ ಜೊತೆ ಕೂತು ಪ್ರಯೋಗವನ್ನೇ ಮಾಡಿದೆ.

ಬೇಕಾದದ್ದು ಮೈಲುತುತ್ತು ಮತ್ತು ಸತುವಿನ ಪುಡಿ. ಸತು ದ್ರಾವಣದಲ್ಲಿರುವ ತಾಮ್ರವನ್ನು ಹೊರದೂಡುತ್ತದೆ, ಆಗ ಶಾಖ ಬರುತ್ತದೆ. ಮೈಲುತುತ್ತು ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಅದೇ ಕಾಪರ್ ಸಲ್ಫೇಟ್. ಲ್ಯಾಬ್‌ಗೆ ಬಳಸುವ ಶುದ್ಧ ಹರಳು 2.5 ಗ್ರಾಂ ತೂಗಿ, ನೀರು ಸೇರಿಸಿ 50 ಮಿಲಿ ದ್ರಾವಣ ಮಾಡಿದೆ. ಅಂದರೆ 0.01 ಮೋಲ್ (ಮೋಲ್ ಅನ್ನುವುದು ಕಣಗಳನ್ನು ಎಣಿಸುವ ಅಳತೆ). ಸತು ಸುಮಾರು ಒಂದೂವರೆ ಗ್ರಾಂ, ಬೇಕಾದ್ದಕ್ಕಿಂತ ಜಾಸ್ತಿಯೇ. ಥರ್ಮಾಕೋಲ್ ಕಪ್ಪಿಗೆ ಹೊರಗಿಂದ ಇನ್ನೊಂದು ಹೊದಿಕೆ ಕೊಟ್ಟೆ. ಮಲ್ಪೆಯಲ್ಲಿ ಮೀನು ತುಂಬುವ ಪೆಟ್ಟಿಗೆಯ ತುಂಡು, ದಪ್ಪ ಇರುತ್ತದೆ, ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಫ್ಯಾನ್ ಆಫ್.

ನಿಮಿಷಕ್ಕೊಂದು ರೀಡಿಂಗ್. ಮೊದಲ ಮೂರು ನಿಮಿಷ 28.0 ಡಿಗ್ರಿ, ಅಲುಗಾಡಲಿಲ್ಲ. ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಸತು ಹಾಕಿದೆ. ಆ ನಿಮಿಷ ರೀಡಿಂಗ್ ತೆಗೆದುಕೊಳ್ಳಬಾರದು, ಸುಮ್ನೆ ಕಲಕುತ್ತಿರಬೇಕು. ನೀಲಿ ಬಣ್ಣ ಮಾಸುತ್ತಾ ಬಂತು, ತಳದಲ್ಲಿ ಕೆಂಪು-ಕಂದು ತಾಮ್ರ ಕೂತಿತು. ಆರನೇ ನಿಮಿಷಕ್ಕೆ 37.2. ಅದೇ ಶಿಖರ. ಆಮೇಲೆ ಏಳಕ್ಕೆ 37.1, ಎಂಟಕ್ಕೆ 36.8, ಒಂಬತ್ತಕ್ಕೆ 36.5, ಹತ್ತಕ್ಕೆ 36.2.

ಈಗ ಯೋಚಿಸಿ. ಸತು ಪೂರ್ತಿ ಕೆಲಸ ಮಾಡಲು ಎರಡು ಮೂರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಕಪ್ಪು ಸುಮ್ಮನಿರಲಿಲ್ಲ, ಶಾಖ ಬಿಟ್ಟುಕೊಡುತ್ತಲೇ ಇತ್ತು ಅಲ್ವಾ? ಹಾಗಾಗಿ 37.2 ಅನ್ನುವುದು ಸೋರಿಕೆಯನ್ನು ಕಳೆದು ಉಳಿದ ತಾಪ. ಹಾಕಿದ ಕ್ಷಣದಲ್ಲೇ ಪೂರ್ತಿ ಕ್ರಿಯೆ ಮುಗಿದಿದ್ದರೆ ಎಷ್ಟಕ್ಕೆ ಏರುತ್ತಿತ್ತು ಅನ್ನುವುದೇ ನಮಗೆ ಬೇಕಾದ ಉತ್ತರ.

ಏಳರಿಂದ ಹತ್ತರವರೆಗಿನ ಬಿಂದುಗಳ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಅದನ್ನು ಹಿಂದಕ್ಕೆ ನಾಲ್ಕನೇ ನಿಮಿಷದವರೆಗೆ ಚಾಚಿದೆ. ನಿಮಿಷಕ್ಕೆ 0.3 ಡಿಗ್ರಿ ಇಳಿತ, ಹಾಗಾಗಿ ಗೆರೆ ಮುಟ್ಟಿದ್ದು 38.0ಕ್ಕೆ. ಶಿಖರದ ಬಿಂದುವನ್ನು ಈ ಗೆರೆಗೆ ಸೇರಿಸಬೇಡಿ, ಅಲ್ಲಿ ಕ್ರಿಯೆ ಇನ್ನೂ ಮುಗಿದಿರಲಿಲ್ಲ. ಬಿಂದುವಿನಿಂದ ಬಿಂದುವಿಗೆ ಅಂಕುಡೊಂಕಾಗಿ ಜೋಡಿಸಲೂಬೇಡಿ. ತಾಪಮಾನದ ಅಕ್ಷ ಸೊನ್ನೆಯಿಂದ ಶುರುವಾಗಬೇಕಿಲ್ಲ. ನಾನು 26ರಿಂದ ಶುರುಮಾಡಿ ಒಂದು ಡಿಗ್ರಿಗೆ ಒಂದು ಸೆಂಟಿಮೀಟರ್ ಕೊಟ್ಟೆ, ಆಗ 0.1 ಕೂಡ ಕಣ್ಣಿಗೆ ಕಾಣುತ್ತದೆ.

ಶಿಖರದ ಲೆಕ್ಕದಲ್ಲಿ ಏರಿಕೆ 9.2. ಗೆರೆಯ ಲೆಕ್ಕದಲ್ಲಿ 10.0. ದ್ರಾವಣದ ತೂಕ ಸುಮಾರು 50 ಗ್ರಾಂ, ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್. ಹಾಗಾಗಿ 50 × 4.18 × 10.0 = 2090 ಜೂಲ್, 0.01ರಿಂದ ಭಾಗಿಸಿದರೆ ಮೋಲ್‌ಗೆ 209 ಕಿಲೋಜೂಲ್. ಶಿಖರ ನಂಬಿದ್ದರೆ 192 ಬರುತ್ತಿತ್ತು. ಪುಸ್ತಕದ್ದು ಸುಮಾರು 218. ಶಾಖ ಹೊರಬರುವ ಕ್ರಿಯೆ, ಹಾಗಾಗಿ ಸಂಖ್ಯೆಯ ಹಿಂದೆ ಮೈನಸ್ ಗುರುತು ಹಾಕಬೇಕು. ಉಳಿದ ಕೊರತೆಯಲ್ಲಿ ಕಪ್ಪು ಮತ್ತು ಥರ್ಮಾಮೀಟರ್ ಹೀರಿಕೊಂಡ ಪಾಲೂ ಇದೆ.

ಜುಲೈನಲ್ಲಿ ತಂಪಾಗುವ ಪ್ರಯೋಗ ಮಾಡಿದಾಗ ಬೇರೆಯೇ ತೊಂದರೆ ಎದುರಾಯಿತು. ಗಾಜಿನ ಬೀಕರಿನಲ್ಲಿ 50 ಮಿಲಿ ನೀರಿಗೆ 5 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದೆ. ತಾಪಮಾನ ಏಳೆಂಟು ಡಿಗ್ರಿ ಇಳಿಯಬೇಕು. ಇಳಿಯಿತು, ಆದರೆ ಬೇಗ ಬೇಗ ಮೇಲೇರತೊಡಗಿತು, ಗೆರೆ ನೇರವಾಗಿಯೂ ಬರಲಿಲ್ಲ. ಬೀಕರ್ ಮುಟ್ಟಿದರೆ ಹೊರಗೆಲ್ಲ ನೀರಿನ ಹನಿ! ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿರುವ ತೇವ ತಣ್ಣನೆ ಗಾಜಿನ ಮೇಲೆ ನೀರಾಗುವಾಗ ಶಾಖ ಬಿಡುತ್ತದೆ, ಒಂದು ಗ್ರಾಂಗೆ ಸುಮಾರು 2400 ಜೂಲ್. ಪ್ರಯೋಗದ ಒಟ್ಟು ಶಾಖವೇ 1700ರ ಸುಮಾರು. ಒಂದು ಗ್ರಾಂನ ಹತ್ತನೇ ಒಂದು ಪಾಲು ಹನಿ ಕೂತರೂ ಒಂದು ಡಿಗ್ರಿ ಹೋಯಿತು. ಆ ಗ್ರಾಫ್ ಬಿಸಾಡಿ, ಮತ್ತೆ ಮಲ್ಪೆಯ ಥರ್ಮಾಕೋಲ್‌ಗೇ ಹೋದೆ. ಹೊರಮೈ ಒಣಗಿಯೇ ಇತ್ತು, ಗೆರೆಯೂ ನೇರವಾಗಿ ಬಂತು.